ದೊರೆ ಕೊಟ್ಟ ಗುಡ್ಡ

ಕೇಳುಗರಿಗೆ ನಮಸ್ಕಾರ.

ಯಾರದಾದರೂ ಗೃಹಪ್ರವೇಶಕ್ಕೆ ಹೋದರೆ ನಾವು ಊಟ ಮಾಡಿ ಸುಮ್ನೆ ಬರುವುದಿಲ್ಲ, ಅಲ್ವಾ? ಅಡುಗೆಮನೆ ಇಣುಕುತ್ತೇವೆ. ಮಹಡಿ ಹತ್ತುತ್ತೇವೆ. ಬಾಗಿಲು ಯಾವ ಮರದ್ದು ಅಂತ ಮುಟ್ಟಿ ನೋಡುತ್ತೇವೆ. 1901ರ ಮೇ ತಿಂಗಳಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನಲ್ಲಿ ಜನ ಇದೇ ಕೆಲಸವನ್ನು ಟಿಕೆಟ್ ಕೊಂಡು ಮಾಡಿದರು. ಅಲ್ಲೊಂದು ಕಲಾಪ್ರದರ್ಶನ ಶುರುವಾಗಿತ್ತು. ಅದರಲ್ಲಿ ನೋಡಲು ಇಟ್ಟಿದ್ದು ಮನೆಗಳನ್ನೇ. ಹೊಸದಾಗಿ ಕಟ್ಟಿದ, ಕುರ್ಚಿ ಮೇಜು ಪರದೆ ಸಮೇತ ಸಿದ್ಧವಾದ, ಆಮೇಲೆ ಜನ ನಿಜವಾಗಿ ಬದುಕಬೇಕಾದ ಮನೆಗಳು.

ಡಾರ್ಮ್‌ಸ್ಟಾಟ್ ಆಗ ಹೆಸ್ಸೆ ಎಂಬ ಸಂಸ್ಥಾನದ ರಾಜಧಾನಿ. ದೊರೆಯ ಹೆಸರು ಎರ್ನ್ಸ್ಟ್ ಲುಡ್ವಿಗ್, ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮೊಮ್ಮಗ. 1892ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ 23 ವರ್ಷ. ಅಜ್ಜಿಯ ನಾಡಿನಲ್ಲಿ ಆಗ ಕೈಕೆಲಸದ ಚೆಲುವನ್ನು ಮತ್ತೆ ಮನೆಯೊಳಗೆ ತರುವ ಚಳವಳಿ ನಡೆದಿತ್ತು. ಅದು ಅವನ ಮನಸ್ಸಿಗೆ ಹಿಡಿಸಿತು. ಅಲ್ಲಿಂದ ಬೇಲಿ ಸ್ಕಾಟ್ ಎಂಬ ವಿನ್ಯಾಸಕಾರನನ್ನು ಹಿಡಿದು ತನ್ನ ಅರಮನೆಯ ಕೋಣೆಗಳನ್ನೇ ಹೊಸದಾಗಿಸಿದ. ಆದರೆ ಅರಮನೆಯೊಳಗೆ ಮಾತ್ರ ಇದ್ದರೆ ಸಾಕೇ? ತನ್ನ ನಾಡಿನ ಬಡಗಿಗೆ, ನೇಕಾರನಿಗೆ, ಪೀಠೋಪಕರಣದ ಕಾರ್ಖಾನೆಗೆ ಒಳ್ಳೆಯ ವಿನ್ಯಾಸ ಸಿಕ್ಕರೆ ಅವರ ಮಾಲು ಹೊರಗೆ ಮಾರಾಟವಾಗುತ್ತದೆ, ನಾಡೂ ಬೆಳೆಯುತ್ತದೆ ಎಂಬ ಲೆಕ್ಕ ಅವನದು. ಕಲೆ ಮತ್ತು ಹೊಟ್ಟೆಪಾಡು ಅವನಿಗೆ ಬೇರೆ ಬೇರೆ ಆಗಿರಲಿಲ್ಲ. ನನಗೆ ಈ ದೊರೆ ಇಷ್ಟವಾಗುವುದು ಇದಕ್ಕೇ.

1899ರಲ್ಲಿ ಅವನು ಏಳು ಕಲಾವಿದರನ್ನು ಕರೆಸಿದ. ಎಲ್ಲರಿಗಿಂತ ಹಿರಿಯನಿಗೇ 33 ವರ್ಷ. ಕಿರಿಯರಿಗೆ 21. ಮೂರು ವರ್ಷದ ಒಪ್ಪಂದ, ಕೈಗೆ ಸಂಬಳ. ಕೆಲಸಕ್ಕೆ ಊರಂಚಿನ ಗುಡ್ಡ, ಅದರ ಹೆಸರು ಮಟಿಲ್ಡೆನ್‌ಹ್ಯೋಹೆ. ಏಳು ಜನರಲ್ಲಿ ಪಕ್ಕಾ ವಾಸ್ತುಶಿಲ್ಪಿ ಒಬ್ಬನೇ. ವಿಯೆನ್ನಾದಿಂದ ಬಂದ ಯೋಸೆಫ್ ಓಲ್ಬ್ರಿಖ್. ಗುಡ್ಡದ ನೆತ್ತಿಯಲ್ಲಿ ಎಲ್ಲರೂ ಕೂತು ಕೆಲಸ ಮಾಡಲು ಉದ್ದನೆಯ ಕಟ್ಟಡವೊಂದನ್ನು ಅವನು ಕಟ್ಟಿದ. ಬಾಗಿಲಿನ ಎರಡೂ ಪಕ್ಕ ಆಳೆತ್ತರ ಮೀರಿದ ಗಂಡು, ಹೆಣ್ಣು ಕಲ್ಲಿನ ಮೂರ್ತಿಗಳು. ಅದರ ಕೆಳಗಿನ ಇಳಿಜಾರಿನಲ್ಲಿ ವಿಲ್ಲಾಗಳು ಎದ್ದವು.

ಎಲ್ಲ ಮನೆಗಳೂ ಓಲ್ಬ್ರಿಖ್‌ನವು, ಒಂದನ್ನು ಬಿಟ್ಟು. ಆ ಒಂದು ಮನೆ ಪೇಟರ್ ಬೇಹ್ರೆನ್ಸ್‌ದು. ಅವನು ಚಿತ್ರಕಾರ. ಮನೆ ಕಟ್ಟುವುದನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ. ಆದರೂ ನನ್ನ ಮನೆ ನಾನೇ ಕಟ್ಟಿಕೊಳ್ಳುತ್ತೇನೆ ಅಂತ ಹೊರಟ. ಕಟ್ಟಿಯೇ ಬಿಟ್ಟ! ಬಿಳಿ ಗೋಡೆ, ಮೂಲೆಗಳಲ್ಲಿ ಮೇಲಕ್ಕೆ ಏರುವ ಹಸಿರು ಹೊಳಪಿನ ಇಟ್ಟಿಗೆ ಪಟ್ಟಿ. ಒಳಗೆ ಸಂಗೀತಕ್ಕೊಂದು ಕೋಣೆ. ಕುರ್ಚಿ, ತಟ್ಟೆ, ಗಾಜಿನ ಲೋಟ, ಚಮಚ, ಎಲ್ಲವನ್ನೂ ಅವನೇ ಬರೆದು ಮಾಡಿಸಿದ. ಆ ಊಟದ ಮೇಜನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಲೋಟಕ್ಕೂ ಬಾಗಿಲಿಗೂ ಒಂದೇ ಕೈಬರಹ! ಮುಂದೆ 1907ರಲ್ಲಿ ಎಇಜಿ ಎಂಬ ದೊಡ್ಡ ವಿದ್ಯುತ್ ಕಂಪನಿ ತನ್ನ ದೀಪ, ಕೆಟಲ್, ಕಾರ್ಖಾನೆ ಎಲ್ಲದರ ರೂಪವನ್ನೂ ಇವನ ಕೈಗೆ ಕೊಟ್ಟಿತು. ಇವನ ಕಚೇರಿಯಲ್ಲಿ ಕೆಲಸ ಕಲಿತ ಹುಡುಗರಲ್ಲಿ ಒಬ್ಬ, ನಮ್ಮ ಚಂಡೀಗಢವನ್ನು ರೂಪಿಸಿದ ಲ ಕಾರ್ಬ್ಯುಸಿಯೆ.

ಇಷ್ಟು ಕೇಳಿದರೆ ಪ್ರದರ್ಶನ ಭಾರಿ ಗೆದ್ದಿತು ಅನಿಸಬಹುದು. ಹಣದ ಲೆಕ್ಕದಲ್ಲಿ ಅದು ಸೋತಿತು. ನಷ್ಟವಾಯಿತು. ಇಂಥ ಮನೆ ಕಟ್ಟಲು ಯಾರ ಬಳಿ ದುಡ್ಡಿದೆ ಎಂದು ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿತ್ತು ಅಂತಲೇ ನಾನು ಹೇಳುತ್ತೇನೆ. ಎರಡೇ ವರ್ಷದಲ್ಲಿ ಏಳರಲ್ಲಿ ಐದು ಜನ ಗುಡ್ಡ ಬಿಟ್ಟು ಹೋದರು. ಬೇಹ್ರೆನ್ಸ್ ಕೂಡ ಹೋದ.

ಬೇರೆ ದೊರೆಯಾಗಿದ್ದರೆ ಬಾಗಿಲು ಹಾಕಿಸುತ್ತಿದ್ದನೇನೋ. ಇವನು ಹೊಸಬರನ್ನು ಕರೆಸಿದ. 1904ರಲ್ಲಿ ಮತ್ತೊಂದು ಪ್ರದರ್ಶನ. ಈ ಸಲ ಒಂದಕ್ಕೊಂದು ಅಂಟಿಕೊಂಡ ಮೂರು ಮನೆಗಳು, ಮಧ್ಯಮ ವರ್ಗದವರಿಗೆ. 1908ರಲ್ಲಿ ಕಾರ್ಮಿಕರಿಗೆಂದು ಪುಟ್ಟ ಮನೆಗಳು. 1914ರಲ್ಲಿ ಬಾಡಿಗೆ ಮನೆಗಳ ಸಾಲು. ನೋಡಿ, ಗುಡ್ಡದ ಮೇಲೆ ಶ್ರೀಮಂತರ ವಿಲ್ಲಾದಿಂದ ಹೊರಟ ಯೋಚನೆ ಬಾಡಿಗೆದಾರನ ಬಾಗಿಲಿಗೆ ಬಂದು ನಿಂತಿತು. ಜನ ವಿಲ್ಲಾಗಳನ್ನೇ ಜಾಸ್ತಿ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಈ ಇಳಿದು ಬಂದ ದಾರಿ.

ಓಲ್ಬ್ರಿಖ್ ಕಟ್ಟಿದ್ದರಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಈ ಗುಡ್ಡದಲ್ಲಿಲ್ಲ. ಊರಾಚೆ ವೋಲ್ಫ್ಸ್‌ಗಾರ್ಟನ್ ಎಂಬ ಅರಮನೆಯ ತೋಟದಲ್ಲಿದೆ. 1902ರಲ್ಲಿ ದೊರೆಯ ಮಗಳು ಎಲಿಸಬೆತ್‌ಗಾಗಿ ಮಾಡಿದ ಆಟದ ಮನೆ ಅದು. ಸುಮ್ನೆ ಗೊಂಬೆ ಮನೆಯಲ್ಲ. ಮಗು ಒಳಗೆ ಹೋಗಿ ಕೂರಬಹುದಾದ, ಮಗುವಿನ ಅಳತೆಯ ನಿಜವಾದ ಮನೆ. ಮರು ವರ್ಷವೇ ಆ ಮಗು ಜ್ವರದಿಂದ ತೀರಿಕೊಂಡಿತು. ಅವಳಿಗೆ ಎಂಟೇ ವರ್ಷ. ಮನೆ ಮಾತ್ರ ಇಂದಿಗೂ ಇದೆ.

ದೊರೆ 1905ರಲ್ಲಿ ಎರಡನೇ ಮದುವೆಯಾದ. ಅದರ ನೆನಪಿಗೆ ಊರವರು ಗುಡ್ಡದ ಮೇಲೆ ಒಂದು ಗೋಪುರ ಕಟ್ಟಿಸಿದರು. ಅದೂ ಓಲ್ಬ್ರಿಖ್‌ನ ಕೆಲಸ. ತುದಿಯಲ್ಲಿ ಐದು ಕಮಾನು, ಎತ್ತಿ ಹಿಡಿದ ಅಂಗೈಯ ಐದು ಬೆರಳಿನ ಹಾಗೆ. 1908ರಲ್ಲಿ ಗೋಪುರ ಮುಗಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಓಲ್ಬ್ರಿಖ್ ತೀರಿಕೊಂಡ, 40ನೇ ವಯಸ್ಸಿನಲ್ಲಿ.

1914ರ ಪ್ರದರ್ಶನ ನಡೆಯುತ್ತಿರುವಾಗಲೇ ಮಹಾಯುದ್ಧ ಬಂತು. ಕಲಾವಿದರ ಬಿಡಾರ ಅಲ್ಲಿಗೆ ನಿಂತಿತು. 1918ರಲ್ಲಿ ದೊರೆತನವೂ ಹೋಯಿತು. 1944ರ ಸೆಪ್ಟೆಂಬರ್ 11ರ ರಾತ್ರಿ ಬಿದ್ದ ಬಾಂಬುಗಳಿಗೆ ಊರೇ ಉರಿದುಹೋಯಿತು. ಸಾವಿರಾರು ಜನ ಸತ್ತರು. ಗುಡ್ಡದ ಮನೆಗಳಲ್ಲೂ ಕೆಲವು ಪೂರ್ತಿ ನಾಶವಾದವು, ಕೆಲವನ್ನು ಆಮೇಲೆ ದುರಸ್ತಿ ಮಾಡಿದರು. 2021ರಲ್ಲಿ ಯುನೆಸ್ಕೋ ಇಡೀ ಗುಡ್ಡವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಐದು ಬೆರಳಿನ ಆ ಗೋಪುರ ಉಳಿದಿದೆ. ಒಬ್ಬ ದೊರೆಯ ಮದುವೆಗೆ ಕಟ್ಟಿದ ಅದರೊಳಗೆ ಈಗ ಊರಿನ ಹುಡುಗ ಹುಡುಗಿಯರು ಬಂದು ಮದುವೆ ನೋಂದಣಿ ಮಾಡಿಸಿಕೊಳ್ಳುತ್ತಾರೆ.

ನಮಸ್ಕಾರ.