ಕೆಸರು, ಏರು, ಇಳಿಜಾರು: ಟ್ರೇಲ್ ಓಟಕ್ಕೆ ಕಾಲನ್ನ ಸಜ್ಜು ಮಾಡೋದು ಹೇಗೆ?

ನಮಸ್ಕಾರ. ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ.

ಸಮತಟ್ಟಾದ ರಸ್ತೆಯಲ್ಲಿ 10 ಕಿಲೋಮೀಟರನ್ನ ಒಂದು ಗಂಟೆಯಲ್ಲಿ ಓಡಿ ಮುಗಿಸೋರು ಒಬ್ಬರಿದ್ದಾರೆ. ಈಗ ಅವರು 10 ಕಿಲೋಮೀಟರಿನದೇ ಒಂದು ಟ್ರೇಲ್ ರೇಸಿಗೆ, ಅಂದ್ರೆ ಬೆಟ್ಟಗುಡ್ಡದ ಮಣ್ಣುದಾರಿಯ ಓಟಕ್ಕೆ, ಹೆಸರು ಕೊಟ್ಟಿದ್ದಾರೆ. ದಾರಿಯುದ್ದಕ್ಕೂ ಸೇರಿಸಿ 500 ಮೀಟರ್ ಏರು ಇದೆ. ಅವರಿಗೆ ಎಷ್ಟು ಹೊತ್ತು ಬೇಕಾಗುತ್ತೆ?

[ಪರದೆಯ ಮೇಲೆ: 10 ಕಿ.ಮೀ. + 500 ಮೀ. ಏರು = ?]

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಬೆಟ್ಟ ನಡೆಯೋರಿಗೆ ಅಂತ ಒಂದು ಸೂತ್ರ ಕೊಟ್ಟರು. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಇದನ್ನ ಬಿಡಿಸಿ ನೋಡಿದ್ರೆ ಒಂದು ಮೀಟರ್ ಮೇಲಕ್ಕೆ ಹತ್ತೋದು ಸಮನೆಲದಲ್ಲಿ ಹೆಚ್ಚುಕಮ್ಮಿ ಎಂಟು ಮೀಟರ್ ಹೋದದ್ದಕ್ಕೆ ಸಮ. ಓಟಗಾರರೂ ಅಂದಾಜಿಗೆ ಇದನ್ನೇ ಬಳಸಬಹುದು. 500 ಮೀಟರ್ ಏರು ಅಂದ್ರೆ ನಾಲ್ಕು ಕಿಲೋಮೀಟರ್ ಜಾಸ್ತಿ. ಒಟ್ಟು 14. ನಮ್ಮ ಓಟಗಾರರಿಗೆ ಒಂದು ಗಂಟೆ 24 ನಿಮಿಷ.

ಆದ್ರೆ ಈ ಲೆಕ್ಕದಲ್ಲಿ ಎರಡು ವಿಷಯ ಬಿಟ್ಟುಹೋಗಿವೆ. ಒಂದು, ಕೆಸರು. ಇನ್ನೊಂದು, ಹತ್ತಿದ ಮೇಲೆ ಇಳಿಯಬೇಕಲ್ವಾ, ಅದು. ಇಳಿಯೋದಕ್ಕೆ ನೇಸ್ಮಿತ್ ಒಂದು ನಿಮಿಷವನ್ನೂ ಸೇರಿಸಿಲ್ಲ. ಹೊಸದಾಗಿ ಟ್ರೇಲ್ ಓಡೋರೂ ಹಾಗೇ. ಮೂರು ತಿಂಗಳು ಏರು ಹತ್ತಿ ಹತ್ತಿ ತಯಾರಾಗ್ತಾರೆ, ಇಳಿಜಾರು ಬಂದಾಗ ಆರಾಮಾಗಿ ಬಿಟ್ಕೊಂಡು ಹೋಗೋಣ ಅಂದ್ಕೋತಾರೆ. ಏರಿನಲ್ಲಿ ಸೋಲೋದು ಉಸಿರು. ಎರಡು ನಿಮಿಷ ನಡೆದ್ರೆ ಅದು ವಾಪಸ್ ಬರುತ್ತೆ. ಇಳಿಜಾರಲ್ಲಿ ಸೋಲೋದು ತೊಡೆ. ಅದು ಅವತ್ತು ವಾಪಸ್ ಬರಲ್ಲ.

[ದೃಶ್ಯ: ಇಳಿಜಾರಲ್ಲಿ ಓಡುತ್ತಿರುವ ಕಾಲು, ನಿಧಾನಗತಿಯಲ್ಲಿ. ಪಾದ ನೆಲ ಮುಟ್ಟುವಾಗ ಮಂಡಿ ಬಾಗುವುದು ಕಾಣಬೇಕು]

ಯಾಕೆ ಹೀಗೆ? 2002ರಲ್ಲಿ ಇಟಲಿಯ ಸಂಶೋಧಕ ಆಲ್ಬೆರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟದಲ್ಲಿ ಪಳಗಿದವರನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳತೆ ತೆಗೆದರು. ಟ್ರೆಡ್‌ಮಿಲ್ಲನ್ನ ಶೇಕಡ 45ರಷ್ಟು ಏರಿಗೂ (ನೂರು ಮೀಟರ್ ಮುಂದೆ ಹೋದ್ರೆ 45 ಮೀಟರ್ ಮೇಲೆ) ವಾಲಿಸಿದರು, ಅಷ್ಟೇ ಇಳಿಜಾರಿಗೂ ವಾಲಿಸಿದರು. ಸಮನೆಲದಲ್ಲಿ ಒಂದು ಮೀಟರ್ ಓಡೋಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು 3.4 ಜೂಲ್ ಶಕ್ತಿ ಬೇಕಾಯ್ತು. ಶೇಕಡ 45 ಏರಿನಲ್ಲಿ ಅದು 19ರ ಹತ್ತಿರ ಹೋಯ್ತು, ಐದೂವರೆ ಪಟ್ಟು. ಶೇಕಡ 20 ಇಳಿಜಾರಲ್ಲಿ ಬರೀ 1.7, ಅಂದ್ರೆ ಸಮನೆಲದ ಅರ್ಧ! ಅದಕ್ಕಿಂತ ಕಡಿದಾದ ಇಳಿಜಾರಲ್ಲಿ ಮತ್ತೆ ಖರ್ಚು ಏರ್ತಾ ಹೋಯ್ತು, ಯಾಕಂದ್ರೆ ಅಲ್ಲಿ ದೇಹ ಓಡೋದಕ್ಕಿಂತ ಬ್ರೇಕ್ ಹಾಕೋದೇ ಜಾಸ್ತಿ.

ಅಂದ್ರೆ ಉಸಿರಿನ ಲೆಕ್ಕದಲ್ಲಿ ಇಳಿಜಾರು ನಿಜವಾಗ್ಲೂ ಅಗ್ಗ. ಮೋಸ ಇರೋದು ಅಲ್ಲೇ. ಪ್ರತಿ ಹೆಜ್ಜೆಗೂ ಮೈಭಾರ ಕೆಳಗೆ ಬೀಳ್ತಾ ಇರುತ್ತೆ, ತೊಡೆಯ ಮುಂಭಾಗದ ಸ್ನಾಯು ಅದನ್ನ ತಡೆದು ಹಿಡೀಬೇಕು. ಹಿಡಿಯೋ ಹೊತ್ತಿಗೇ ಮಂಡಿ ಬಾಗ್ತಾ ಇರೋದ್ರಿಂದ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದಕ್ಕೆ ಎಳೆಯಲ್ಪಡುತ್ತೆ. ಹೀಗೆ ಎಳೆಯಲ್ಪಟ್ಟಾಗ ಅದರ ಎಳೆಗಳಲ್ಲಿ ಸಣ್ಣಸಣ್ಣ ಹಾನಿ ಆಗುತ್ತೆ. ಓಡುವಾಗ ಅದು ತೊಡೆ ನಡುಕವಾಗಿ ಗೊತ್ತಾಗುತ್ತೆ. ನೋವು ಬರೋದು ಆಮೇಲೆ, ಮಾರನೇ ದಿನ ಶುರುವಾಗಿ ಮೂರನೇ ದಿನದವರೆಗೂ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡ್ಕೊಳ್ಳೋ ಪರಿಸ್ಥಿತಿ!

ಇದರಲ್ಲೊಂದು ಒಳ್ಳೇ ಸುದ್ದಿಯೂ ಇದೆ. ಒಮ್ಮೆ ಈ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಥರದ ಪೆಟ್ಟನ್ನ ಎಷ್ಟೋ ಚೆನ್ನಾಗಿ ತಡ್ಕೊಳ್ಳುತ್ತೆ. ದೊಡ್ಡ ಪ್ರಮಾಣವೂ ಬೇಕಿಲ್ಲ. ಅದಕ್ಕೇ ನನ್ನ ಮೊದಲ ಸಲಹೆ, ಎರಡು ವಾರಕ್ಕೊಮ್ಮೆ ಇಳಿಜಾರನ್ನೇ ಅಭ್ಯಾಸ ಮಾಡಿ. ಏರನ್ನ ನಡೆದು ಹತ್ತಿ, ಇಳಿಯೋದನ್ನ ಗಮನ ಇಟ್ಟು ಓಡಿ. ಮೊದಲ ಸಲ ನಾಲ್ಕೈದು ಸುತ್ತು ಸಾಕು. ಕೊನೆಯ ದೊಡ್ಡ ಇಳಿಜಾರಿನ ಅಭ್ಯಾಸ ರೇಸಿಗೆ ಎರಡು ವಾರ ಮುಂಚೆ ಮುಗಿದಿರಲಿ. ಹಿಂದಿನ ಶನಿವಾರ ತೊಡೆ ಹಣ್ಣು ಮಾಡ್ಕೊಂಡು ಭಾನುವಾರ ರೇಸಿಗೆ ಬರಬೇಡಿ.

ಇಳಿಯುವಾಗ ಮೈ ಹಿಂದಕ್ಕೆ ವಾಲಿಸೋದು ಎಲ್ಲರ ಸಹಜ ಭಯ. ವಾಲಿದ ಕೂಡಲೇ ಹಿಮ್ಮಡಿ ಮುಂದೆ ಹೋಗಿ ನೆಲಕ್ಕೆ ಕುಟ್ಟುತ್ತೆ. ಒಣನೆಲದಲ್ಲಾದ್ರೆ ಮಂಡಿಗೆ ಹೊಡೆತ, ಒದ್ದೆ ನೆಲದಲ್ಲಾದ್ರೆ ಕಾಲು ಮುಂದೆ ಜಾರಿ ಕೂತೇಬಿಡ್ತೀರಿ. ಹೆಜ್ಜೆ ಚಿಕ್ಕದಿರಲಿ, ಚುರುಕಾಗಿರಲಿ, ಪಾದ ಸೊಂಟದ ಕೆಳಗೇ ಬೀಳಲಿ. ಕೈಗಳನ್ನ ಅಗಲಕ್ಕೆ ಬಿಡಿ, ನೋಡೋಕೆ ಚಂದ ಇಲ್ಲದಿದ್ರೂ ತೂಕ ಸರಿದೂಗಿಸೋಕೆ ಬೇಕು. ಕಣ್ಣು ಪಾದದ ಮೇಲಲ್ಲ, ಮುಂದಿನ ಮೂರು ನಾಲ್ಕು ಹೆಜ್ಜೆ ಬೀಳೋ ಜಾಗದ ಮೇಲೆ.

[ದೃಶ್ಯ: ಕೆಸರಿನ ದಾರಿ. ಓಟಗಾರರು ಅಂಚಿನಲ್ಲಿ ಜಾರುತ್ತಿದ್ದಾರೆ, ಒಬ್ಬರು ನಡುವೆಯೇ ಹೋಗುತ್ತಿದ್ದಾರೆ]

ಈಗ ಕೆಸರಿಗೆ ಬರೋಣ. ಗಟ್ಟಿ ನೆಲದಲ್ಲಿ ಓಡುವಾಗ ನಮ್ಮ ಕಾಲು ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತೆ. 1987ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಅಂದಾಜಿನಂತೆ, ಪಾದ ನೆಲ ಮುಟ್ಟಿದಾಗ ದೇಹ ಕಳ್ಕೊಂಡು ಮತ್ತೆ ಪಡೆಯೋ ಶಕ್ತಿಯಲ್ಲಿ ಶೇಕಡ 35ರಷ್ಟನ್ನ ಹಿಮ್ಮಡಿಯ ಮೇಲಿರೋ ಅಕಿಲಿಸ್ ಸ್ನಾಯುರಜ್ಜು, ಶೇಕಡ 17ರಷ್ಟನ್ನ ಪಾದದ ಕಮಾನು ಹಿಡಿದಿಡುತ್ತವೆ. ಅದರ ಬಹುಪಾಲು ಮುಂದಿನ ಹೆಜ್ಜೆಗೆ ವಾಪಸ್ ಸಿಗುತ್ತೆ. ಮೆತ್ತನೆ ನೆಲದಲ್ಲಿ ಈ ಬಿಟ್ಟಿ ಲಾಭಕ್ಕೆ ಹೊಡೆತ. ನೀವು ತುಳಿದ ಶಕ್ತಿಯ ಒಂದು ಪಾಲು ಮಣ್ಣನ್ನ ಸರಿಸೋದರಲ್ಲೇ ಹೋಗಿಬಿಡುತ್ತೆ. ಮರಳಿನ ಮೇಲೆ ಇದನ್ನ ಅಳೆದಿದ್ದಾರೆ, ಗಟ್ಟಿ ನೆಲಕ್ಕಿಂತ ಓಟದ ಖರ್ಚು 1.6 ಪಟ್ಟು. ಕೆಸರು ದಿನಕ್ಕೊಂದು ಥರ ಇರುತ್ತೆ, ಅದಕ್ಕೆ ಒಂದೇ ಅಂಕಿ ಹೇಳೋಕಾಗಲ್ಲ. ಮರಳು ಕಾಲನ್ನ ಹಿಡಿದು ಎಳೆಯಲ್ಲ, ಕೆಸರು ಎಳೆಯುತ್ತೆ.

ಹಾಗಾಗಿ ಕೆಸರಲ್ಲಿ ಗಡಿಯಾರದ ಪೇಸ್, ಅಂದ್ರೆ ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನೋ ಅಂಕಿ, ನೋಡೋದು ಬಿಟ್ಟುಬಿಡಿ. ನನ್ನನ್ನ ಕೇಳಿದ್ರೆ ಆ ಪರದೆಯನ್ನೇ ತೆಗೆದು ಬರೀ ಸಮಯ ಕಾಣೋ ಹಾಗೆ ಇಟ್ಕೊಳ್ಳೋದು ವಾಸಿ. ರಸ್ತೆಯಲ್ಲಿ ಆರು ನಿಮಿಷಕ್ಕೆ ಕಿಲೋಮೀಟರ್ ಓಡೋರು ಕೆಸರಿನ ಏರಿನಲ್ಲಿ 12 ನಿಮಿಷ ತಗೊಂಡ್ರೆ ಅದು ಸೋಲಲ್ಲ, ಅದೇ ಸರಿಯಾದ ವೇಗ ಇರಬಹುದು. ಅಳತೆಗೋಲು ನಿಮ್ಮ ಉಸಿರು.

ತಂತ್ರದ ವಿಷಯಕ್ಕೆ ಬಂದ್ರೆ, ಇಲ್ಲೂ ಪುಟ್ಟ ಹೆಜ್ಜೆ. ಉದ್ದ ಹೆಜ್ಜೆ ಹಾಕಿ ಬಲವಾಗಿ ಒದ್ದರೆ ಹಿಂದಿನ ಕಾಲು ಜಾರುತ್ತೆ. ಗುಂಡಿಯಲ್ಲಿ ನೀರು ನಿಂತಿದ್ರೆ ಸುತ್ತಿ ಹೋಗೋದಕ್ಕಿಂತ ನಡುವೆ ಹೋಗೋದೇ ಎಷ್ಟೋ ಸಲ ಒಳ್ಳೇದು. ಅಂಚು ವಾಲಿರುತ್ತೆ, ಜಾರುತ್ತೆ, ಜೊತೆಗೆ ಎಲ್ಲರೂ ಅಂಚು ತುಳಿದ್ರೆ ದಾರಿ ಅಗಲವಾಗಿ ಪಕ್ಕದ ಗಿಡಗಂಟಿ ಹಾಳು. ಆಳ ಗೊತ್ತಿಲ್ಲದ ಗುಂಡಿಯಾದ್ರೆ ಮುಂದೆ ಹೋದವರ ಕಾಲು ಎಲ್ಲಿವರೆಗೆ ಮುಳುಗಿತು ನೋಡ್ಕೊಳ್ಳಿ. ಒದ್ದೆ ಬೇರುಗಳ ಮೇಲೆ ಕಾಲಿಡಬೇಡಿ, ದಾಟಿಹೋಗಿ.

ಶೂ ಬಗ್ಗೆ ಬಹಳ ಜನ ಕೇಳ್ತಾರೆ. ನೋಡಬೇಕಾದ್ದು ಸೋಲ್ ಕೆಳಗಿನ ಹಲ್ಲುಗಳನ್ನ, ಅಂದ್ರೆ ಲಗ್‌ಗಳನ್ನ. ಮಾಮೂಲಿ ಟ್ರೇಲ್ ಶೂಗಳಲ್ಲಿ ಅವು ಮೂರು ನಾಲ್ಕು ಮಿಲಿಮೀಟರ್ ಇರುತ್ತವೆ, ಕೆಸರಿಗೆ ಅಂತಲೇ ಮಾಡಿದವುಗಳಲ್ಲಿ ಆರರಿಂದ ಎಂಟು. ಎತ್ತರಕ್ಕಿಂತ ಅವುಗಳ ನಡುವಿನ ಅಂತರ ಮುಖ್ಯ ಅಂತ ನನ್ನ ಅಭಿಪ್ರಾಯ. ಒತ್ತೊತ್ತಾಗಿದ್ರೆ ಮಣ್ಣು ಮೆತ್ತಿಕೊಂಡು ಸೋಲ್ ನುಣ್ಣಗಾಗಿಬಿಡುತ್ತೆ. ದಾರಿಯಲ್ಲಿ ಬಂಡೆ ಜಾಸ್ತಿ ಇದ್ರೆ ಉದ್ದ ಹಲ್ಲು ಉಪಕಾರಕ್ಕಿಂತ ಅಪಕಾರ ಮಾಡುತ್ತೆ, ಕಲ್ಲಿಗೆ ತಾಗೋ ರಬ್ಬರ್ ಕಮ್ಮಿಯಾಗಿ ಜಾರುತ್ತೆ. ವಾಟರ್‌ಪ್ರೂಫ್ ಶೂ ಇಂಥ ರೇಸಿಗೆ ದಂಡ; ನೀರು ಮೇಲಿಂದ ಒಳಗೆ ಬಂದೇ ಬರುತ್ತೆ, ಬಂದಿದ್ದು ಹೊರಗೆ ಹೋಗಲ್ಲ. ಲೇಸನ್ನ ಕೊನೇ ತೂತಿನವರೆಗೂ ಪೋಣಿಸಿ ಎರಡು ಗಂಟು ಹಾಕಿ. ಕೆಸರು ಶೂವನ್ನೇ ಇಟ್ಕೊಂಡು ಬರೀ ಕಾಲನ್ನ ವಾಪಸ್ ಕೊಡೋದು ತಮಾಷೆಯ ಮಾತಲ್ಲ.

ಏರಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕಡಿದಾದ ಕಡೆ ನಡೀರಿ. ತೀರಾ ಕಡಿದಾದ ಏರಿನಲ್ಲಿ ಅದೇ ವೇಗಕ್ಕೆ ಓಡೋದಕ್ಕಿಂತ ನಡೆಯೋದಕ್ಕೇ ಶಕ್ತಿ ಕಮ್ಮಿ ಸಾಕು ಅಂತ ಪ್ರಯೋಗಗಳೂ ತೋರಿಸಿವೆ. ಗೆಲ್ಲೋರೂ ಅಲ್ಲಿ ಅಂಗೈಯನ್ನ ತೊಡೆ ಮೇಲೆ ಊರಿ ನಡೀತಾರೆ. ಒಂದೇ ಒಂದು ಕಿವಿಮಾತು, ನೆತ್ತಿ ತಲುಪಿದ ಕೂಡಲೇ ನಿಂತುಬಿಡೋ ಅಭ್ಯಾಸ ಬೇಡ. ನೆತ್ತಿ ದಾಟಿ ಇಪ್ಪತ್ತು ಹೆಜ್ಜೆ ಹೋಗುವಷ್ಟು ಉಸಿರು ಉಳಿಸ್ಕೊಂಡು ಹತ್ತಿ.

[ಪರದೆಯ ಮೇಲೆ: ದಿನನಿತ್ಯದ ಅಭ್ಯಾಸ]

ಇಷ್ಟೆಲ್ಲಾ ರೇಸ್ ದಿನದ ಮಾತಾಯ್ತು. ಇದಕ್ಕೆ ದೇಹ ತಯಾರಾಗೋದು ಎಲ್ಲಿ? ಸಪ್ಪೆ ಅನ್ನಿಸೋ ದಿನನಿತ್ಯದ ನಿಧಾನದ ಓಟದಲ್ಲಿ.

ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಹೆಸರು ಕೇಳಿರಬಹುದು. ತಮ್ಮ ಓಟಗಾರರನ್ನ ವೈಟಾಕೆರೆ ಬೆಟ್ಟಸಾಲಿನ ಏರಿಳಿತದ ದಾರಿಯಲ್ಲಿ 22 ಮೈಲಿ, ಅಂದ್ರೆ 35 ಕಿಲೋಮೀಟರ್ ಓಡಿಸ್ತಿದ್ದರು. ಅದರಲ್ಲಿ ಪೀಟರ್ ಸ್ನೆಲ್ ಕೂಡ ಇದ್ದರು. ಸ್ನೆಲ್ ರೇಸು 800 ಮೀಟರ್, ಎರಡು ನಿಮಿಷದೊಳಗೆ ಮುಗಿಯೋ ಓಟ! ಅದಕ್ಕೆ 35 ಕಿಲೋಮೀಟರ್ ಯಾಕೆ ಅಂತ ನಗೋರಿದ್ದಿರಬೇಕು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ 800 ಮೀಟರ್ ಚಿನ್ನ ಗೆದ್ದರು, ಅದೇ ದಿನ ಲಿಡಿಯಾರ್ಡರ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5000 ಮೀಟರ್ ಚಿನ್ನ ಗೆದ್ದರು.

ಹೀಗಾಗೋಕೆ ಒಳಗಿನ ಕಾರಣ ಏನು ಅನ್ನೋದಕ್ಕೆ ಒಂದು ದೊಡ್ಡ ಸುಳಿವು 1967ರಲ್ಲಿ ಸಿಕ್ಕಿತು. ಅಮೆರಿಕದ ಜಾನ್ ಹಾಲೊಸಿ ಇಲಿಗಳನ್ನ ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದಾಗ, ಅವುಗಳ ಕಾಲಿನ ಸ್ನಾಯುಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸೋ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ಆ ಕೆಲಸ ನಡೆಯೋ ಜಾಗವೇ ಮೈಟೋಕಾಂಡ್ರಿಯಾ. ನಮ್ಮಲ್ಲೂ ನಿಯಮಿತ ಓಟದಿಂದ ಅವು ಹೆಚ್ಚುತ್ತವೆ, ಸ್ನಾಯುವಿನೊಳಗಿನ ಸೂಕ್ಷ್ಮ ರಕ್ತನಾಳಗಳೂ ಹೆಚ್ಚುತ್ತವೆ. ಇದಕ್ಕೆ ವಾರ, ತಿಂಗಳು ಬೇಕು. ಸ್ನಾಯುರಜ್ಜು ಗಟ್ಟಿಯಾಗೋಕೆ ಇನ್ನೂ ಜಾಸ್ತಿ ಕಾಲ. ಉಸಿರು ಸಲೀಸಾಯ್ತು ಅಂತ ಎರಡನೇ ತಿಂಗಳಿಗೇ ದೂರವನ್ನ ಒಮ್ಮೆಲೇ ಏರಿಸಿದಾಗ ಹಿಮ್ಮಡಿ ನೋವು ಬರೋದು ಇದಕ್ಕೇ.

ನಿಧಾನ ಅಂದ್ರೆ ಎಷ್ಟು ನಿಧಾನ? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು. ಮೂರು ಪದಕ್ಕೊಮ್ಮೆ ಉಸಿರು ತಗೋಬೇಕಾದ್ರೆ ನೀವು ನಿಧಾನವಾಗಿ ಓಡ್ತಿಲ್ಲ. ಬಹಳ ಜನ ಎಡವೋದು ಇಲ್ಲಿ, ನಿಧಾನದ ದಿನ ತುಸು ಜೋರು, ಜೋರಿನ ದಿನ ತುಸು ನಿಧಾನ. ಎಲ್ಲಾ ದಿನವೂ ಒಂದೇ ಥರದ ಏದುಸಿರು. ನಾರ್ವೆಯಲ್ಲಿ ಕೆಲಸ ಮಾಡೋ ಸಂಶೋಧಕ ಸ್ಟೀಫನ್ ಸೈಲರ್ ಉನ್ನತ ಮಟ್ಟದ ಕ್ರೀಡಾಪಟುಗಳ ಅಭ್ಯಾಸವನ್ನ ಗಮನಿಸಿ ಕಂಡದ್ದು, ಹತ್ತು ಅಭ್ಯಾಸಗಳಲ್ಲಿ ಎಂಟು ಹಗುರ, ಎರಡೇ ಕಠಿಣ.

ವಾರಕ್ಕೆ ನಾಲ್ಕು ದಿನ ಓಡೋರಿಗೆ ನಾನು ಹೇಳೋದು: ಎರಡು ದಿನ ಹಗುರವಾಗಿ 40 ನಿಮಿಷ. ಒಂದು ದಿನ ಏರಿಳಿತದ ಕೆಲಸ, ಒಂದು ವಾರ ಏರನ್ನ ಜೋರಾಗಿ, ಮುಂದಿನ ವಾರ ಆಗಲೇ ಹೇಳಿದ ಇಳಿಜಾರು. ಇನ್ನೊಂದು ದಿನ ಉದ್ದದ ಓಟ, ಆದಷ್ಟೂ ಮಣ್ಣಿನ ದಾರಿಯಲ್ಲಿ. ಲೆಕ್ಕ ಕಿಲೋಮೀಟರಲ್ಲಿ ಬೇಡ, ನಿಮಿಷದಲ್ಲಿ ಇಡಿ. ಇಲ್ಲದಿದ್ರೆ ಕೆಸರಿನ ದಿನ ಸುಮ್ಮನೆ ಬೇಜಾರು. ಮಳೆ ಬಂತು ಅಂತ ಓಟ ಬಿಡಬೇಡಿ, ಅದೇ ನಿಮ್ಮ ಪಾಠದ ದಿನ. ಸಿಡಿಲಿದ್ರೆ ಮಾತ್ರ ಮನೆಯಲ್ಲಿರಿ.

[ದೃಶ್ಯ: ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ನಿಧಾನವಾಗಿ ಇಳಿಯುವ ವ್ಯಾಯಾಮ]

ಹತ್ತಿರದಲ್ಲಿ ಬೆಟ್ಟವೇ ಇಲ್ಲ ಅನ್ನೋರಿಗೆ: ಏರಿಗೆ ಮೆಟ್ಟಿಲು ಆಗುತ್ತೆ, ಮೇಲೆತ್ತಿದ ಟ್ರೆಡ್‌ಮಿಲ್ ಆಗುತ್ತೆ. ಇಳಿಜಾರಿಗೆ ಕಷ್ಟ. ಅದಕ್ಕೆ ಈ ವ್ಯಾಯಾಮ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಮೂರು ಎಣಿಸೋವಷ್ಟು ಹೊತ್ತು ತಗೊಂಡು ಹಿಮ್ಮಡಿ ಕೆಳಗೆ ಮುಟ್ಟಿಸಿ, ಮತ್ತೆ ಮೇಲೇಳಿ. ಮಂಡಿ ಒಳಕ್ಕೆ ವಾಲಬಾರದು. ಒಂದೊಂದು ಕಾಲಿಗೆ ಹತ್ತು ಸಲ, ವಾರಕ್ಕೆ ಎರಡು ದಿನ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲೋದನ್ನೂ ರೂಢಿ ಮಾಡ್ಕೊಳ್ಳಿ. ಕಾಲು ಉಳುಕೋ ಕ್ಷಣದಲ್ಲಿ ಸಾವರಿಸ್ಕೊಳ್ಳೋ ಶಕ್ತಿ ಬರೋದು ಇಂಥ ಸಣ್ಣ ಕೆಲಸದಿಂದ.

ಇನ್ನು ಹೊಟ್ಟೆ ವಿಷಯ. ಓಟ ಒಂದೂವರೆ ಗಂಟೆ ಮೀರುತ್ತೆ ಅಂದ್ರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತೆ. ಏನು ತಿಂತೀರೋ ಅದನ್ನ ಉದ್ದದ ಓಟದ ದಿನಗಳಲ್ಲೇ ತಿಂದು ನೋಡಿ. ನೀರು ಬಾಯಾರಿದಾಗ ಕುಡೀರಿ. ಅತಿಯಾಗಿ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ ಆಗಬಹುದು.

ಕೊನೇದು, ರೇಸ್ ಮುಗಿದ ಮೇಲೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತ್ರೆ ಐದು ನಿಮಿಷದಲ್ಲಿ ನಡುಕ ಶುರುವಾಗುತ್ತೆ, ಒಣ ಬಟ್ಟೆ ಕೈಗೆ ಸಿಗೋ ಹಾಗೆ ಇಟ್ಟಿರಿ. ಶೂವನ್ನ ಅವತ್ತೇ ತೊಳೀರಿ, ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಹೀಟರ್ ಮುಂದೆ ಇಟ್ರೆ ಅಂಟು ಬಿಡುತ್ತೆ. ತೊಡೆ ನೋವು ಇರೋವರೆಗೂ ನಡಿಗೆ ಸಾಕು. ಮೆಟ್ಟಿಲನ್ನ ಗೋಡೆ ಹಿಡಿಯದೆ ಇಳಿಯೋಕಾದ ದಿನ ಮತ್ತೆ 20 ನಿಮಿಷದ ಹಗುರ ಓಟದಿಂದ ಶುರು ಮಾಡಿ.