ಆರೆಗನ್‌ನ ಓಟಕ್ಕೆ ಸ್ಟ್ಯಾನ್‌ಫರ್ಡ್ ಒಡ್ಡಿದ ತಡೆ

[ದೃಶ್ಯ: ಖಾಲಿ ಅಮೆರಿಕನ್ ಫುಟ್‌ಬಾಲ್ ಮೈದಾನ. ಪರದೆಯ ಮೇಲೆ ಮೂರು ಅಂಕಿಗಳು: 52, 53, 14]

ನಮಸ್ಕಾರ. ಮೊದಲು ಈ ಮೂರು ಅಂಕಿಗಳನ್ನು ನೋಡಿ. 2010ರಲ್ಲಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆರೆಗನ್ ವಿಶ್ವವಿದ್ಯಾಲಯದ ತಂಡ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡದ ವಿರುದ್ಧ 52 ಅಂಕ ಗಳಿಸಿತು. 2011ರಲ್ಲಿ 53. ಅದರ ಮರುವರ್ಷ ಇದೇ ಆರೆಗನ್, ತನ್ನದೇ ಊರಾದ ಯೂಜೀನ್‌ನಲ್ಲಿ, 14ಕ್ಕೆ ನಿಂತುಹೋಯಿತು. ಅಲ್ಲಿಯವರೆಗೆ ಆಡಿದ ಹತ್ತೂ ಪಂದ್ಯಗಳನ್ನು ಗೆದ್ದು, ಪಂದ್ಯಕ್ಕೆ ಸರಾಸರಿ 54ಕ್ಕೂ ಹೆಚ್ಚು ಅಂಕ ಪೇರಿಸಿದ್ದ ತಂಡವದು.

ಆರೆಗನ್‌ನ ಆಗಿನ ಕೋಚ್ ಚಿಪ್ ಕೆಲ್ಲಿ ಅವರ ಮೊದಲ ಅಸ್ತ್ರ ವೇಗ. ದಾಳಿ ಮಾಡುವ ತಂಡ ಆಟಗಾರರನ್ನು ಬದಲಿಸಿದರೆ ಎದುರಾಳಿಗೂ ಬದಲಿಸಿಕೊಳ್ಳಲು ಸಮಯ ಸಿಗಬೇಕು ಎಂಬುದು ನಿಯಮ. ಹಾಗಾಗಿ ಯಾರನ್ನೂ ಬದಲಿಸದೆ, ರೆಫರಿ ಚೆಂಡನ್ನು ನೆಲಕ್ಕಿಟ್ಟ ಕೂಡಲೇ ಮುಂದಿನ ಆಟ ಶುರು ಮಾಡಿಬಿಡುವುದು. ರಕ್ಷಣೆಯ ಮುಂಸಾಲಿನ ಭಾರೀ ಆಳುಗಳಿಗೆ ಏದುಸಿರು ಬರುತ್ತಿದ್ದರೂ ಹೊರಗೆ ಹೋಗಲು ದಾರಿಯಿಲ್ಲ.

ಎರಡನೆಯದು ಝೋನ್ ರೀಡ್. ಇದನ್ನು ನಿಧಾನವಾಗಿ ನೋಡೋಣ.

[ದೃಶ್ಯ: ನಿಧಾನಗತಿಯ ಅನಿಮೇಷನ್. ಸಾಲಿನ ತುದಿಯ ಒಬ್ಬ ಆಟಗಾರನ ಸುತ್ತ ಕೆಂಪು ವೃತ್ತ]

ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಚೆಂಡನ್ನು ಒತ್ತಿ ಹಿಡಿಯುತ್ತಾನೆ, ಕೈ ಬಿಡುವುದಿಲ್ಲ. ಅವನ ಕಣ್ಣು ಇರುವುದು ಈ ಕೆಂಪು ವೃತ್ತದ ಡಿಫೆನ್ಸಿವ್ ಎಂಡ್, ಅಂದರೆ ರಕ್ಷಣೆಯ ಸಾಲಿನ ತುದಿಯ ಆಟಗಾರನ ಮೇಲೆ. ಈತನನ್ನು ಬೇಕೆಂದೇ ಯಾರೂ ತಡೆದಿಲ್ಲ. ಆತ ಒಳಗೆ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಳೆದುಕೊಂಡು ಹೊರಗೆ ಓಡುತ್ತಾನೆ. ಹೊರಗೇ ನಿಂತರೆ ಚೆಂಡು ಒಳಗಿನ ದಾರಿಯಲ್ಲಿ ಹೋಗುತ್ತದೆ. ಏನು ಮಾಡಿದರೂ ತಪ್ಪು ಅವನದೇ!

ಇದಕ್ಕೆ ರಕ್ಷಣೆಯವರು ಕಂಡುಕೊಂಡ ಉಪಾಯಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಕ್ರೇಪ್ ಎಕ್ಸ್‌ಚೇಂಜ್. ಎಂಡ್ ಬೇಕೆಂದೇ ಒಳಗೆ ನುಗ್ಗುತ್ತಾನೆ. ಅದನ್ನು ನಂಬಿ ಕ್ವಾರ್ಟರ್‌ಬ್ಯಾಕ್ ಚೆಂಡಿನೊಂದಿಗೆ ಹೊರಗೆ ತಿರುಗಿದರೆ, ಮುಂಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಸುತ್ತು ಹಾಕಿ ಬಂದು ಎದುರಿಗೇ ನಿಂತಿರುತ್ತಾನೆ. ಕಬಡ್ಡಿಯಲ್ಲಿ ಒಬ್ಬ ರೈಡರ್‌ನನ್ನು ಕೆಣಕುವಾಗ ಇನ್ನೊಬ್ಬ ಹಿಂದಿನ ದಾರಿ ಮುಚ್ಚುತ್ತಾನಲ್ಲ, ಅದೇ ಧಾಟಿ.

ಆದರೆ ಉಪಾಯ ಗೊತ್ತಿದ್ದರೆ ಸಾಲದು. ಚೆಂಡು ಎಲ್ಲಿದೆಯೆಂದು ಹುಡುಕುತ್ತಾ ಓಡುವುದು ಮನುಷ್ಯ ಸಹಜ, ಆರೆಗನ್ ಬದುಕುತ್ತಿದ್ದುದೇ ಅದರ ಮೇಲೆ. ಚೆಂಡು ತನ್ನತ್ತ ಬಾರದಿದ್ದರೂ ತನಗೆ ಒಪ್ಪಿಸಿದ ಜಾಗವನ್ನು ಬಿಟ್ಟುಕೊಡದೆ, ಆಟದಿಂದಾಟಕ್ಕೆ, ದಣಿದ ಕಾಲುಗಳಲ್ಲಿ ನಿಲ್ಲುವುದೇ ನಿಜವಾದ ಕಷ್ಟ.

[ದೃಶ್ಯ: ಮೈದಾನದ ನಕ್ಷೆ. ಆರೆಗನ್‌ನ 8 ಗಜದಿಂದ ಉದ್ದಕ್ಕೆ ಸಾಗುವ ಬಾಣ]

2012ರ ನವೆಂಬರ್ 17. ಮೊದಲ ಕ್ವಾರ್ಟರ್‌ನಲ್ಲಿ ಆರೆಗನ್‌ನ ಕ್ವಾರ್ಟರ್‌ಬ್ಯಾಕ್ ಮಾರ್ಕಸ್ ಮರಿಯೋಟಾ ಚೆಂಡು ಹಿಡಿದು 77 ಗಜ ಓಡಿದರು. ಟಚ್‌ಡೌನ್, ಅಂದರೆ ಚೆಂಡನ್ನು ಮೈದಾನದ ತುದಿಯ ಎಂಡ್ ಝೋನ್‌ಗೆ ಒಯ್ದು ಅಂಕ ಗಳಿಸುವುದು, ಖಚಿತವೆಂದೇ ಎಲ್ಲರಿಗೂ ಅನ್ನಿಸಿತು. ಜೊತೆಗೆ ಓಡುತ್ತಿದ್ದ ಆರೆಗನ್‌ನವರೇ ಆದ ಡಿ'ಆಂಥನಿ ಥಾಮಸ್ ಒಂದೇ ಒಂದು ತಡೆ ಹಾಕಿದ್ದರೆ ಸಾಕಿತ್ತು. ಅವರು ಹಾಕಲಿಲ್ಲ. ಸ್ಟ್ಯಾನ್‌ಫರ್ಡ್‌ನ ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಆಟಗಾರ) ಡೆವನ್ ಕ್ಯಾರಿಂಗ್ಟನ್ ಬೆನ್ನಟ್ಟುವುದನ್ನು ಬಿಡಲೂ ಇಲ್ಲ; ಎಂಡ್ ಝೋನ್‌ಗೆ 15 ಗಜ ಇರುವಾಗ ಮರಿಯೋಟಾರನ್ನು ತಡೆದು ನಿಲ್ಲಿಸಿದರು. ಬಳಿಕ ಆರೆಗನ್ ನಾಲ್ಕನೇ ಡೌನ್‌ನಲ್ಲಿ, ಅಂದರೆ ಹತ್ತು ಗಜ ದಾಟಲು ಸಿಗುವ ಕೊನೆಯ ಯತ್ನದಲ್ಲಿ, ವಿಫಲವಾಗಿ, ಒಂದಂಕವೂ ಇಲ್ಲದೆ ಮರಳಿತು. ಪಂದ್ಯ 14–14ರಲ್ಲಿ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಸ್ಟ್ಯಾನ್‌ಫರ್ಡ್ 17–14ರಿಂದ ಗೆದ್ದಿತು. ಆ ಬೆನ್ನಟ್ಟುವಿಕೆಯನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

2013ರಲ್ಲಿ ಸ್ಟ್ಯಾನ್‌ಫರ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚೆಂಡನ್ನೇ ತನ್ನ ಬಳಿ ಇಟ್ಟುಕೊಂಡಿತು. ಕೆಲ್ಲಿ ಅಷ್ಟರಲ್ಲಿ ಆರೆಗನ್ ಬಿಟ್ಟಿದ್ದರೂ ತಂಡದ ವೇಗ ಹಾಗೇ ಇತ್ತು. ಸ್ಟ್ಯಾನ್‌ಫರ್ಡ್‌ನ ರನ್ನಿಂಗ್ ಬ್ಯಾಕ್ ಟೈಲರ್ ಗ್ಯಾಫ್ನಿ 45 ಸಲ ಚೆಂಡು ಹೊತ್ತು 157 ಗಜ ದಾಟಿದರು, ಮೂರು ನಾಲ್ಕು ಗಜಗಳಂತೆ, ಗೋಡೆ ಕೊರೆದ ಹಾಗೆ. 60 ನಿಮಿಷಗಳ ಆಟದಲ್ಲಿ 42ಕ್ಕೂ ಹೆಚ್ಚು ನಿಮಿಷ ಚೆಂಡು ಸ್ಟ್ಯಾನ್‌ಫರ್ಡ್ ಕೈಯಲ್ಲಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಅಂಕ 26–0. ಆಮೇಲೆ ಆರೆಗನ್ ಎಚ್ಚೆತ್ತು ಸತತ 20 ಅಂಕ ಗಳಿಸಿತಾದರೂ, ಅಷ್ಟರಲ್ಲಿ ಗಡಿಯಾರದಲ್ಲಿ ಸಮಯವೇ ಉಳಿದಿರಲಿಲ್ಲ.