ತಂತಿ ಮುಗಿದ ಮೇಲಿನ 60 ಕಿಲೋಮೀಟರ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಿಂತು ರೈಲಿನ ಬಗ್ಗೆ ಮಾತಾಡುವುದೆಂದರೆ ಬ್ಯಾಡಗಿಯವರಿಗೆ ಮೆಣಸಿನಕಾಯಿ ತೋರಿಸಿದ ಹಾಗೆ. 1880ರ ದಶಕದಿಂದ ವರ್ಕ್‌ಶಾಪ್ ಇರುವ ಊರು ಇದು. ಹಾಗಾಗಿ ಪೀಠಿಕೆ ಬಿಟ್ಟು, ಇದ್ದ ಗಾಡಿಗೆ ಬ್ಯಾಟರಿ ಕೂರಿಸಿ ತಂತಿಯಿಲ್ಲದ ಮಾರ್ಗದಲ್ಲಿ ಓಡಿಸುವ ಲೆಕ್ಕಕ್ಕೇ ನೇರವಾಗಿ ಇಳಿಯುತ್ತೇನೆ.

ಬ್ಯಾಟರಿ ರೈಲು ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ? ಕೇಳಬೇಕಾದದ್ದು ಬೇರೆ: ಕೊನೆಯ ಸ್ಟೇಷನ್ನಿನಲ್ಲಿ ಗಾಡಿ ಎಷ್ಟು ನಿಮಿಷ ನಿಲ್ಲುತ್ತದೆ? ಬ್ಯಾಟರಿ ಎಷ್ಟು ದೊಡ್ಡದಿರಬೇಕು, ಯಾವ ಜಾತಿಯದಿರಬೇಕು, ಎಷ್ಟು ಬಿಸಿಯಾಗುತ್ತದೆ ಎಂಬುದೆಲ್ಲ ಆ ನಿಮಿಷಗಳ ಮೇಲೆ ನಿಂತಿದೆ. ಇಂಗ್ಲೆಂಡಿನಲ್ಲಿ ಲಂಡನ್ ಅಂಡರ್‌ಗ್ರೌಂಡಿನ ಹಳೆಯ ಡಿ78 ಬೋಗಿಗಳನ್ನು ಬ್ಯಾಟರಿಗೆ ಬದಲಾಯಿಸಿದ ಗಾಡಿಯೊಂದು 2025ರಲ್ಲಿ ಒಂದೇ ಚಾರ್ಜಿನಲ್ಲಿ 322 ಕಿ.ಮೀ. ಓಡಿ ಸುದ್ದಿಯಾಯಿತು. ಆದರೆ ಅದನ್ನು ಪರೀಕ್ಷಿಸುತ್ತಿದ್ದ ಗ್ರೀನ್‌ಫರ್ಡ್ ಶಾಖಾ ಮಾರ್ಗದ ಉದ್ದ ಸುಮಾರು 4 ಕಿ.ಮೀ. ಅಷ್ಟೇ. ಅಲ್ಲಿಯ ನಿಜವಾದ ಸಾಧನೆ ಮೂರೂವರೆ ನಿಮಿಷದ ಚಾರ್ಜಿಂಗು. ಪತ್ರಿಕೆಗಳು ಬರೆದದ್ದು ಮಾತ್ರ ದೂರದ ಬಗ್ಗೆ.

ನಮ್ಮ ಕಡೆಯದೇ ನಕ್ಷೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯಿಂದ ಗದಗ ದಾಟಿ ತಳಕಲ್‌ವರೆಗೆ ಮೇಲೆ 25 ಕಿಲೋವೋಲ್ಟ್ ತಂತಿ ಇದೆ. ತಳಕಲ್‌ನಲ್ಲಿ ಗದಗ-ವಾಡಿ ಹೊಸ ಮಾರ್ಗ ಕವಲೊಡೆದು ಕುಷ್ಟಗಿಯ ಕಡೆಗೆ ಹೋಗುತ್ತದೆ. ಅಂಥ ಕವಲಿನಲ್ಲಿ ಸುಮಾರು 60 ಕಿ.ಮೀ. ತಂತಿ ಇಲ್ಲ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ನಾಲ್ಕು ಬೋಗಿಯ ಗಾಡಿ, ಜನ ತುಂಬಿದಾಗ 240 ಟನ್, ವೇಗ ತಾಸಿಗೆ 80 ಕಿ.ಮೀ., ದಾರಿಯಲ್ಲಿ ಹತ್ತು ಸಲ ನಿಲುಗಡೆ.

ಒಂದು ಸಲ 80ರ ವೇಗಕ್ಕೆ ಎತ್ತಲು, ತಿರುಗುವ ಗಾಲಿ ಮತ್ತು ಮೋಟರುಗಳನ್ನೂ ಸೇರಿಸಿ, ಸುಮಾರು 18 ಯೂನಿಟ್ ಬೇಕು. ಯೂನಿಟ್ ಎಂದರೆ ನಿಮ್ಮ ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟೇ. ಹತ್ತು ಸಲಕ್ಕೆ 180. ಉರುಳುವಿಕೆಯ ಮತ್ತು ಗಾಳಿಯ ತಡೆಗೆ 60 ಕಿ.ಮೀ.ಗೆ ಸುಮಾರು 120. ಗಾಲಿಯ ಹತ್ತಿರ ಒಟ್ಟು 300 ಆಯಿತು. ಮೋಟರು, ಗೇರು, ಇನ್ವರ್ಟರುಗಳಲ್ಲಿ ಹೋಗುವ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 350. ಬ್ರೇಕ್ ಹಾಕುವಾಗ ಮೋಟರೇ ಜನರೇಟರ್ ಆಗಿ ಸುಮಾರು 100 ಯೂನಿಟ್ ವಾಪಸ್ ಕೊಡುತ್ತದೆ. ದೀಪ, ಫ್ಯಾನು, ಕಂಪ್ರೆಸರು, ಬ್ಯಾಟರಿಯ ತಂಪಿಗೆ 30. ಅಲ್ಲಿಗೆ ಒಂದು ದಿಕ್ಕಿಗೆ 280 ಯೂನಿಟ್. ಏರು ಇದ್ದರೆ ಬೇರೆ ಲೆಕ್ಕ: 100 ಮೀಟರ್ ಎತ್ತರ ಹತ್ತಲು ಇನ್ನೂ 65 ಯೂನಿಟ್, ಅದೂ ನಷ್ಟ ಸೇರಿಸದೆ.

280 ಬೇಕೆಂದು 280ರ ಬ್ಯಾಟರಿ ಕೂರಿಸಿದರೆ ಮೊದಲ ಬೇಸಿಗೆಯಲ್ಲೇ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಎದುರು ಗಾಡಿಗೆ ಕಾಯುವುದು, ಸಿಗ್ನಲ್ ಸಿಗದಿರುವುದು ಇವಕ್ಕೆ 20 ಪ್ರತಿಶತ ಕಾಯ್ದಿರಿಸಬೇಕು. ಪೂರ್ತಿ ತುಂಬಿಸುವುದೂ ಪೂರ್ತಿ ಬರಿದು ಮಾಡುವುದೂ ಸೆಲ್‌ನ ಆಯುಷ್ಯ ತಿನ್ನುತ್ತವೆ, ಆದ್ದರಿಂದ ನಡುವಿನ 70 ಪ್ರತಿಶತ ಮಾತ್ರ ಬಳಸಬೇಕು. ಹಳೆಯದಾದಾಗ ಸಾಮರ್ಥ್ಯ 80 ಪ್ರತಿಶತಕ್ಕೆ ಇಳಿದಿರುತ್ತದೆ, ಆಗಲೂ ಗಾಡಿ ಮನೆ ಮುಟ್ಟಬೇಕು. ಮೂರನ್ನೂ ಸೇರಿಸಿದರೆ 600 ಯೂನಿಟ್‌ನ ಬ್ಯಾಟರಿ. ಇದು ಕೊನೆಯ ಸ್ಟೇಷನ್ನಿನಲ್ಲಿ ಚಾರ್ಜ್ ಸಿಕ್ಕರೆ. ಸಿಗದಿದ್ದರೆ ಹೋಗಿ ಬರುವುದಕ್ಕೆ 1,200. ಪೆಟ್ಟಿಗೆ, ತಂಪಿನ ಪೈಪು ಎಲ್ಲ ಸೇರಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯ ಬ್ಯಾಟರಿಗೆ ಯೂನಿಟ್‌ಗೆ ಸುಮಾರು 10 ಕೆ.ಜಿ. ಹಿಡಿಯಿರಿ, ಆರು ಟನ್ನೋ ಹನ್ನೆರಡು ಟನ್ನೋ ಎಂಬುದು ಆ ಒಂದು ಚಾರ್ಜಿಂಗ್ ಜಾಗದ ಮೇಲೆ ನಿಂತಿದೆ. ಜಪಾನಿನ ಕರಸುಯಾಮ ಮಾರ್ಗದಲ್ಲಿ 2014ರಿಂದ ಓಡುತ್ತಿರುವ ಎರಡು ಬೋಗಿಯ ಗಾಡಿ ತಂತಿಯಿಲ್ಲದ 20.4 ಕಿ.ಮೀ.ಗೆ 190 ಯೂನಿಟ್‌ನಲ್ಲಿ ನಿಭಾಯಿಸುವುದು ಕೊನೆಯ ಸ್ಟೇಷನ್ನಿನಲ್ಲಿ ಚಾರ್ಜಿಂಗ್ ಇರುವುದರಿಂದಲೇ.

ಇನ್ನು ಯಾವ ಗಾಡಿಯನ್ನು ಬದಲಾಯಿಸಬೇಕು? ಡೆಮು, ಅಂದರೆ ಬೋಗಿಯಲ್ಲೇ ಎಂಜಿನ್ ಇರುವ ಲೋಕಲ್ ಗಾಡಿ, ಹೇಗೂ ಡೀಸೆಲ್, ಎಂಜಿನ್ ತೆಗೆದು ಆ ಜಾಗದಲ್ಲಿ ಬ್ಯಾಟರಿ ಇಟ್ಟರಾಯಿತಲ್ಲ ಎಂದು ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ದಾರಿ. ಹಳೆಯ ಡೆಮುಗಳಲ್ಲಿ ಡಿಸಿ ಮೋಟರು; ಬ್ರೇಕಿನ ಶಕ್ತಿಯನ್ನು ವಾಪಸ್ ಕೊಡುವ ವ್ಯವಸ್ಥೆ ಇಲ್ಲ. ಆಗಲೇ ಹೇಳಿದ 100 ಯೂನಿಟ್ ಅಲ್ಲೇ ಹೋಯಿತು, 280 ಇದ್ದದ್ದು 380 ಆಯಿತು. ತಂತಿಯಿಂದ ಕರೆಂಟು ಎಳೆಯುವ ಪ್ಯಾಂಟೋಗ್ರಾಫೂ ಟ್ರಾನ್ಸ್‌ಫಾರ್ಮರೂ ಇಲ್ಲದ್ದರಿಂದ ತಂತಿಯ ಕೆಳಗೆ ಓಡುವಾಗಲೂ ಅದು ಬ್ಯಾಟರಿಯನ್ನೇ ಸುಡುತ್ತದೆ. ತಂತಿಯ ಕರೆಂಟಿನಲ್ಲಿ ಓಡುವ ಲೋಕಲ್ ಗಾಡಿಯಾದ ತ್ರೀ-ಫೇಸ್ ಮೆಮುವಿನಲ್ಲಿ ಇವೆಲ್ಲ ಆಗಲೇ ಇವೆ. ಹುಬ್ಬಳ್ಳಿಯಿಂದ ತಳಕಲ್‌ಗೆ ಬರುವ ಒಂದೂವರೆ ತಾಸಿನಲ್ಲಿ 190 ಕಿಲೋವ್ಯಾಟ್‌ನಂತೆ ನಿಧಾನವಾಗಿ ತುಂಬಿಸಿಕೊಂಡೇ ಅದು ಕವಲಿಗೆ ಇಳಿಯುತ್ತದೆ. ಆಸ್ಟ್ರಿಯಾದವರು 2018ರಲ್ಲಿ ಮಾಡಿದ್ದೂ ಇದನ್ನೇ: ಇದ್ದ ಎಲೆಕ್ಟ್ರಿಕ್ ಗಾಡಿಯ ನಡುವಿನ ಬೋಗಿಯ ಮೇಲೆ 528 ಯೂನಿಟ್ ಬ್ಯಾಟರಿ ಕೂರಿಸಿದರು.

ವರ್ಕ್‌ಶಾಪಿನಲ್ಲಿ ಮೊದಲ ಕೆಲಸ ತೂಕ. ಬೋಗಿಯ ಒಟ್ಟು ತೂಕ ಸಾಲದು, ಒಂದೊಂದು ಗಾಲಿಯದೂ ಬೇಕು. ಮೋಟರ್ ಬೋಗಿ ಆಗಲೇ ಭಾರ. ಬ್ಯಾಟರಿಯನ್ನು ಮೋಟರಿಲ್ಲದ ಎರಡು ಟ್ರೈಲರ್ ಬೋಗಿಗಳ ಅಡಿಗೆ ಮೂರು ಮೂರು ಟನ್‌ನಂತೆ, ಎಡಬಲ ಸಮನಾಗಿ ಹಂಚಬೇಕು. ಆಮೇಲೆ ಸ್ಪ್ರಿಂಗ್ ಬದಲಿಸಿ ಬಫರ್ ಎತ್ತರ ಸರಿಮಾಡಬೇಕು. ಬ್ರ್ಯಾಕೆಟ್‌ಗಳು ಉದ್ದಕ್ಕೆ ತೂಕದ ಮೂರು ಪಟ್ಟು ಹೊಡೆತ ತಾಳುವಂತಿರಬೇಕು, ಏಕೆಂದರೆ ಬೋಗಿ ಜೋಡಿಸುವ ಶಂಟಿಂಗ್‌ನಲ್ಲಿ ಬೀಳುವ ಪೆಟ್ಟು ಓಟದಲ್ಲಿ ಬೀಳುವುದಿಲ್ಲ.

ಫಾಸ್ಫೇಟ್ ಸೆಲ್ ಒಂದಕ್ಕೆ 3.2 ವೋಲ್ಟ್, 240 ಸೆಲ್ ಸಾಲಾಗಿ ಜೋಡಿಸಿದರೆ 768 ವೋಲ್ಟ್. ಇದನ್ನು ಇನ್ವರ್ಟರಿನ ಡಿಸಿ ಲಿಂಕ್‌ಗೆ, ಅಂದರೆ ಅದಕ್ಕೆ ಡಿಸಿ ಕರೆಂಟು ಒಳಹೋಗುವ ಕಡೆಗೆ, ಎರಡೂ ದಿಕ್ಕಿಗೆ ಕೆಲಸ ಮಾಡುವ, ವೋಲ್ಟೇಜು ಏರಿಳಿಸುವ ಚಾಪರ್ ಮೂಲಕ ಕೊಡಬೇಕು. ಇಲ್ಲೊಂದು ಸಣ್ಣ ಭಾಗವನ್ನು ಹತ್ತಿರದಿಂದ ನೋಡಿ. ಚಾಪರಿನ ಬಾಯಲ್ಲಿ 4,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, ಖಾಲಿ. ಬ್ಯಾಟರಿಯ ಮತ್ತು ಕೇಬಲ್‌ನ ತಡೆ ಸೇರಿ 50 ಮಿಲಿಓಮ್. ಮುಖ್ಯ ಕಾಂಟ್ಯಾಕ್ಟರನ್ನು, ಅಂದರೆ ದೊಡ್ಡ ಸ್ವಿಚ್ಚನ್ನು, ನೇರವಾಗಿ ಹಾಕಿದರೆ ಆ ಕ್ಷಣಕ್ಕೆ 15,000 ಆಂಪಿಯರ್ ನುಗ್ಗಿ ಕಾಂಟ್ಯಾಕ್ಟುಗಳು ಬೆಸುಗೆಯಾಗಿ ಅಂಟುತ್ತವೆ. ಮುಂದೆ ಆಫ್ ಮಾಡಿದರೂ ಬಿಡುವುದಿಲ್ಲ. ಅದಕ್ಕೇ ಮೊದಲು ಸಣ್ಣ ಕಾಂಟ್ಯಾಕ್ಟರು, ಅದರೊಡನೆ 50 ಓಮ್‌ನ ರೆಸಿಸ್ಟರು. ಆಗ 15 ಆಂಪಿಯರ್ ಹರಿದು ಒಂದು ಸೆಕೆಂಡಿನಲ್ಲಿ ಕೆಪಾಸಿಟರ್ ತುಂಬುತ್ತದೆ, ಆಮೇಲೆ ಮುಖ್ಯದ್ದು. ತಪ್ಪುವುದು ಎಲ್ಲಿ? ಗಾಡಿ ಏಳಲಿಲ್ಲವೆಂದು ಲೋಕೋ ಪೈಲಟ್ ಐದಾರು ಸಲ ಬಟನ್ ಒತ್ತಿದರೆ ಆ ರೆಸಿಸ್ಟರ್ ಸುಟ್ಟುಹೋಗುತ್ತದೆ. ನಿಮಿಷಕ್ಕೆ ಇಷ್ಟೇ ಪ್ರಯತ್ನ ಎಂಬ ಮಿತಿಯನ್ನು ಸಾಫ್ಟ್‌ವೇರಿನಲ್ಲೇ ಹಾಕಬೇಕು.

ಫಾಸ್ಫೇಟ್ ಸೆಲ್‌ಗೆ ಇನ್ನೊಂದು ಚಾಳಿ ಇದೆ. 30 ಪ್ರತಿಶತ ಇದ್ದಾಗಲೂ 70 ಇದ್ದಾಗಲೂ ವೋಲ್ಟೇಜು ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಬಂದ ಕರೆಂಟು, ಹೋದ ಕರೆಂಟು ಎಣಿಸಿಯೇ ಎಷ್ಟು ಉಳಿದಿದೆ ಎಂದು ಹೇಳಬೇಕು. ಸೆನ್ಸರ್ ಒಂದೇ ಒಂದು ಆಂಪಿಯರ್ ತಪ್ಪು ತೋರಿಸಿದರೆ ದಿನಕ್ಕೆ 16 ತಾಸಿನಂತೆ ವಾರಕ್ಕೆ 112 ಆಂಪಿಯರ್-ಅವರ್, ಅಂದರೆ ಈ ಬ್ಯಾಟರಿಯ 14 ಪ್ರತಿಶತ. ನಾವು ಕಾಯ್ದಿರಿಸಿದ್ದೆಲ್ಲ ಅದರಲ್ಲೇ ಕರಗಿತು. ಪರಿಹಾರ ಸರಳ: ವಾರಕ್ಕೊಂದು ರಾತ್ರಿ ಶೆಡ್‌ನಲ್ಲಿ 100 ಪ್ರತಿಶತ ತುಂಬಿಸಿ, ಸೆಲ್‌ಗಳು ಸಮನಾಗುವವರೆಗೆ ಬಿಟ್ಟು, ಲೆಕ್ಕವನ್ನು ಹೊಸದಾಗಿ ಶುರು ಮಾಡುವುದು. ಗಾಡಿ ಕಡಿಮೆ ಬಿದ್ದಾಗ ಮೊದಲು ಕೈಬಿಡುವುದೂ ಇದನ್ನೇ.

ಬಿಸಿಲು ಮತ್ತು ಎರಿಮಣ್ಣು ನಮ್ಮ ಸೀಮೆಯ ಸ್ವಂತ ಸಮಸ್ಯೆ. ಸೆಲ್‌ಗೆ 25ರಿಂದ 35 ಡಿಗ್ರಿ ಹಿತ; ಏಪ್ರಿಲ್ ಮಧ್ಯಾಹ್ನ ಕಾದ ಜಲ್ಲಿಯ ಮೇಲೆ, ಬೋಗಿಯ ಅಡಿಯಲ್ಲಿ, ಹೊರಗಿನ ಗಾಳಿ ಊದಿ ಅದನ್ನು ಕಾಯ್ದುಕೊಳ್ಳಲಾಗುವುದಿಲ್ಲ. ಮುಚ್ಚಿದ ಪೆಟ್ಟಿಗೆ, ಒಳಗೆ ತಣ್ಣೀರಿನ ತಟ್ಟೆ, ಹೊರಗೆ ಚಿಲ್ಲರ್ ಬೇಕು. ಚಿಲ್ಲರಿನ ರೇಡಿಯೇಟರಿಗೆ ಎರಿಧೂಳು ಮೆತ್ತಿಕೊಳ್ಳುತ್ತದೆ, ಅದನ್ನು ತಿಂಗಳಿಗಲ್ಲ, ವಾರಕ್ಕೆ ತೊಳೆಯಬೇಕು. ಅದೇ ಧೂಳು ಕೇಬಲ್ ಕನೆಕ್ಟರಿನ ಮೇಲೆ ಕೂತು, ಮುಂಗಾರಿನ ಮೊದಲ ಮಳೆಗೆ ನೆನೆದಾಗ, ಕರೆಂಟು ಬೋಗಿಯ ಮೈಗೆ ಸೋರಿ ಗಾಡಿ ಟ್ರಿಪ್ ಆಗುತ್ತದೆ. ಬ್ಯಾಟರಿ ಕೆಟ್ಟಿದೆ ಎಂದು ಪೆಟ್ಟಿಗೆ ಬಿಚ್ಚುವ ಮೊದಲು ಕನೆಕ್ಟರ್ ಒರೆಸಿ ನೋಡಿ.

ಈಗ ಮತ್ತೆ ಆ ನಿಮಿಷಗಳಿಗೆ ಬರೋಣ. 20 ನಿಮಿಷದಲ್ಲಿ 280 ಯೂನಿಟ್ ತುಂಬಿಸಲು, ನಷ್ಟ ಸೇರಿ, 900 ಕಿಲೋವ್ಯಾಟ್ ಬೇಕು. ಅದು 10 ಎಚ್‌ಪಿಯ 120 ಪಂಪ್‌ಸೆಟ್ ಒಟ್ಟಿಗೆ ಶುರುವಾದಂತೆ. 25 ಕಿಲೋವೋಲ್ಟ್‌ನಲ್ಲಿ ಇದು ಪ್ಯಾಂಟೋಗೆ ಬರೀ 36 ಆಂಪಿಯರ್. ನಿಂತಲ್ಲೇ ತಂತಿ ಸುಡುವ ಭಯವಿಲ್ಲ. ತೊಂದರೆ ಇರುವುದು ಊರಿನ ಕಡೆ. ಜೆಸ್ಕಾಂ ವಿದ್ಯುತ್ ಕಂಪನಿಯ 11 ಕಿಲೋವೋಲ್ಟ್ ಹಳ್ಳಿ ಫೀಡರಿನ ಎರಡು ಫೇಸ್‌ಗಳ ನಡುವೆ ಇಷ್ಟು ಎಳೆದರೆ ಮೂರೂ ಫೇಸ್ ಏರುಪೇರಾಗಿ ಸುತ್ತಲಿನ ಪಂಪ್‌ಸೆಟ್ ಮೋಟರುಗಳು ಬಿಸಿಯಾಗುತ್ತವೆ. ರೈತರು ಸ್ಟೇಷನ್ನಿಗೇ ಬರುತ್ತಾರೆ, ಬರಬೇಕಾದದ್ದೇ. ಹಳಿಯ ಪಕ್ಕದಲ್ಲೇ ಇನ್ನೊಂದು ಬ್ಯಾಟರಿ ಇಟ್ಟು, ಗಾಡಿ ಇಲ್ಲದ ಎರಡು ತಾಸು ಮೂರೂ ಫೇಸ್‌ನಿಂದ ಸಮನಾಗಿ 150 ಕಿಲೋವ್ಯಾಟ್ ಎಳೆದು ತುಂಬಿಸಿಟ್ಟುಕೊಳ್ಳುವುದು ಒಂದು ಉಪಾಯ. ಗ್ರೀನ್‌ಫರ್ಡ್‌ನಲ್ಲಿ ಮಾಡಿದ್ದು ಇದನ್ನೇ. ಅದಕ್ಕಿಂತ ಅಗ್ಗದ್ದು ಟೈಮ್‌ಟೇಬಲ್ಲಿನಲ್ಲಿದೆ. ನಿಲುಗಡೆಯನ್ನು 20ರಿಂದ 40 ನಿಮಿಷಕ್ಕೆ ಏರಿಸಿದರೆ ಬೇಕಾದ ಪವರ್ ಅರ್ಧ, ಸೆಲ್‌ನಲ್ಲಿ ಹುಟ್ಟುವ ಒಟ್ಟು ಬಿಸಿಯೂ ಅರ್ಧ. ದಿನಕ್ಕೆ ನಾಲ್ಕೈದು ಗಾಡಿಯ ಮಾರ್ಗಕ್ಕೆ ಇದು ಸಾಕು. ದಿನಕ್ಕೆ ಇಪ್ಪತ್ತು ಗಾಡಿ ಓಡುವಲ್ಲಿ ಬ್ಯಾಟರಿಯ ಮಾತೇ ಬೇಡ, ಕಂಬ ನೆಟ್ಟು ತಂತಿ ಎಳೆಯಿರಿ.

ತಂತಿ ಮುಗಿಯುವ ಕಡೆ ಪ್ಯಾಂಟೋ ಇಳಿಯದಿದ್ದರೆ ಕೊನೆಯ ಕಂಬದ ತಂತಿ ಕಿತ್ತು ಬರುತ್ತದೆ. ತಂತಿಯಲ್ಲಿ ಕರೆಂಟಿಲ್ಲದ ತುಣುಕಾದ ನ್ಯೂಟ್ರಲ್ ಸೆಕ್ಷನ್‌ಗೆ 500 ಮತ್ತು 250 ಮೀಟರ್ ಮೊದಲೇ ಬೋರ್ಡ್ ಇರುವಂತೆ ಇಲ್ಲೂ ಇಡಬಹುದು, ಆದರೆ ಬೋರ್ಡನ್ನು ನಂಬಬೇಡಿ. ತಳಕಲ್‌ನಂಥ ಜಂಕ್ಷನ್ನಿನಲ್ಲಿ ಗಾಡಿ ಹೇಗೂ ನಿಲ್ಲುತ್ತದೆ. ಪ್ಯಾಂಟೋ ಇಳಿದ ಸೂಚನೆ ಬರುವವರೆಗೆ ಗಾಡಿ ಹೊರಡದಂತೆ ಇಂಟರ್‌ಲಾಕ್ ಮಾಡಿ.

ಕೊನೆಯದಾಗಿ ಶೆಡ್‌ನ ಸಿಬ್ಬಂದಿಗೆ. ನಿಮ್ಮ ಕೈಗೆ ಕೂತಿರುವ ಅಭ್ಯಾಸ ಪ್ಯಾಂಟೋ ಇಳಿಸು, ಅರ್ತ್ ಮಾಡು, ಮುಟ್ಟು. ಈ ಗಾಡಿಯಲ್ಲಿ ಪ್ಯಾಂಟೋ ಇಳಿದ ಮೇಲೂ 768 ವೋಲ್ಟ್ ಡಿಸಿ ಜೀವಂತ ಇರುತ್ತದೆ, ಬ್ಯಾಟರಿಯನ್ನು ಆಫ್ ಮಾಡುವ ಸ್ವಿಚ್ ಜಗತ್ತಿನಲ್ಲೇ ಇಲ್ಲ. ಇನ್ಸುಲೇಟೆಡ್ ಗ್ಲೌಸ್ ಹಾಕಿ, ಕಾಂಟ್ಯಾಕ್ಟರ್ ತೆರೆದು, ಪ್ರತಿ ಪೆಟ್ಟಿಗೆಯ ನಡುವಿನ ಸರ್ವಿಸ್ ಪ್ಲಗ್ ಕಿತ್ತು ಕೆಲಸ ಮಾಡುವವನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಪ್ಲಗ್ ಕಿತ್ತರೆ ಸಾಲು ಎರಡಾಗಿ 384 ವೋಲ್ಟ್ ಉಳಿಯುತ್ತದೆ, ಅದೂ ಕೊಲ್ಲುವಷ್ಟಿದೆ. ಐದು ನಿಮಿಷ ಕಾದು, ಮೀಟರನ್ನು ಮೊದಲು ಗೊತ್ತಿರುವ ವೋಲ್ಟೇಜಿನಲ್ಲಿ ಪರೀಕ್ಷಿಸಿ, ಆಮೇಲೆ ಡಿಸಿ ಲಿಂಕ್ ಅಳೆದು, ಸೊನ್ನೆ ಕಂಡರೆ ಮಾತ್ರ, ಗ್ಲೌಸ್ ತೆಗೆಯದೆ, ಸ್ಪ್ಯಾನರ್ ಎತ್ತಿ. ಸ್ಪ್ಯಾನರಿನ ಹಿಡಿಗೂ ಇನ್ಸುಲೇಶನ್ ಇರಲಿ, ಕೈಯಲ್ಲಿ ಉಂಗುರ, ಕಡಗ ಇರಕೂಡದು.

ಪ್ರಶ್ನೆಗಳಿದ್ದರೆ ಕೇಳಿ, ಲೆಕ್ಕದ ಹಾಳೆ ಇಲ್ಲೇ ಮೇಜಿನ ಮೇಲಿದೆ.